ನಕ್ಷೆಯಲ್ಲಿ ಊರು, ಊರಲ್ಲಿ ಜನ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಅಂಕಣ ಪೂರ್ತಿ ಮಾನವ ಭೂಗೋಳಕ್ಕೇ ಮೀಸಲು. ಪಿಯು ಮಕ್ಕಳು ಬರೆದಿದ್ದೀರಿ, ಕೆಎಎಸ್‌ಗೆ ಓದುತ್ತಿರುವವರು ಬರೆದಿದ್ದೀರಿ, ಜಮೀನಿನ ನಕ್ಷೆ ಹಿಡಿದು ಓಡಾಡುತ್ತಿರುವವರೂ ಬರೆದಿದ್ದೀರಿ. ಒಂದೇ ಥರದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ಲಾರ್ಜ್ ಸ್ಕೇಲ್, ಸ್ಮಾಲ್ ಸ್ಕೇಲ್ ಎರಡೂ ನನಗೆ ಪ್ರತಿಸಲ ಉಲ್ಟಾ ಆಗುತ್ತವೆ. ಪ್ರಪಂಚದ ನಕ್ಷೆ ದೊಡ್ಡದಲ್ವಾ? ಅದು ಹೇಗೆ ಸ್ಮಾಲ್ ಸ್ಕೇಲ್ ಆಗುತ್ತದೆ? (ದ್ವಿತೀಯ ಪಿಯು ವಿದ್ಯಾರ್ಥಿನಿ, ಚಳ್ಳಕೆರೆ)

ನೀವು ನಕ್ಷೆಯಲ್ಲಿ ಎಷ್ಟು ಜಾಗ ತುಂಬಿದೆ ಅಂತ ನೋಡುತ್ತಿದ್ದೀರಿ. ಅದನ್ನು ಬಿಡಿ. ಸ್ಕೇಲನ್ನು ಭಿನ್ನರಾಶಿಯ ಥರ ಬರೆದು ನೋಡಿ. ಸರ್ವೆ ಆಫ್ ಇಂಡಿಯಾದ ಟೋಪೋಶೀಟ್‌ನಲ್ಲಿ (ಒಂದು ಸಣ್ಣ ಪ್ರದೇಶದ ವಿವರವಾದ ನಕ್ಷೆ) 1:50,000 ಅಂತ ಇರುತ್ತದೆ, ಅಂದರೆ ಐವತ್ತು ಸಾವಿರದಲ್ಲಿ ಒಂದು ಭಾಗ. ಗೋಡೆಗೆ ಹಾಕುವ ಪ್ರಪಂಚದ ನಕ್ಷೆ ಐದು ಕೋಟಿಯಲ್ಲಿ ಒಂದು ಭಾಗ ಅಂತಿಟ್ಟುಕೊಳ್ಳಿ. ಯಾವ ಭಾಗ ದೊಡ್ಡದು? ಐವತ್ತು ಸಾವಿರದಲ್ಲಿ ಒಂದು. ಅಷ್ಟೇ. ಅದೇ ಲಾರ್ಜ್ ಸ್ಕೇಲ್. ಆ ಟೋಪೋಶೀಟ್‌ನಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್, ಹಾಗಾಗಿ ಕೆರೆ, ಗುಡಿ, ಬಾವಿ, ಕಾಲುದಾರಿ ಎಲ್ಲವನ್ನೂ ಗುರುತಿಸಬಹುದು. ಪ್ರಪಂಚದ ನಕ್ಷೆಯಲ್ಲಿ ನಿಮ್ಮ ಇಡೀ ಚಿತ್ರದುರ್ಗ ಜಿಲ್ಲೆ ಒಂದು ಚುಕ್ಕೆಯಷ್ಟು.

ಇನ್ನೊಂದು ಮಾತು, ಇದನ್ನು ಕ್ಲಾಸಿನಲ್ಲಿ ಯಾರೂ ಜಾಸ್ತಿ ಹೇಳುವುದಿಲ್ಲ. ಆ ನಕ್ಷೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಎರಡು ಪಟ್ಟು ದೊಡ್ಡದು ಮಾಡಿಸಿದರೆ 1:50,000 ಅನ್ನುವ ಬರಹ ಸುಳ್ಳಾಗುತ್ತದೆ, ಯಾಕೆಂದರೆ ಅಂಕಿ ಹಾಗೇ ಉಳಿಯುತ್ತದೆ, ದೂರ ಮಾತ್ರ ಹಿಗ್ಗಿರುತ್ತದೆ. ಕೆಳಗೆ ಗೆರೆ ಹಾಕಿ ಭಾಗ ಮಾಡಿರುತ್ತಾರಲ್ಲ, ಆ ಗೆರೆಯ ಸ್ಕೇಲ್ ಮಾತ್ರ ನಕ್ಷೆಯ ಜೊತೆಗೇ ಹಿಗ್ಗುತ್ತದೆ, ಅದು ಯಾವಾಗಲೂ ಸರಿ. ಪ್ರಾಜೆಕ್ಟ್‌ಗೆ ನಕ್ಷೆ ಅಂಟಿಸುವಾಗ ಆ ಗೆರೆಯನ್ನು ಕತ್ತರಿಸಿ ಬಿಸಾಡಬೇಡಿ.

ಪ್ರಶ್ನೆ: ಫೋನಿನ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ನಮ್ಮ ದೇಶಕ್ಕಿಂತ ಎಷ್ಟೋ ದೊಡ್ಡದಾಗಿ ಕಾಣುತ್ತದೆ. ಮಗ ಕೇಳಿದ, ನನಗೆ ಹೇಳಲು ಬರಲಿಲ್ಲ. (ಗೃಹಿಣಿ, ಶಿರಸಿ)

ಗ್ರೀನ್‌ಲ್ಯಾಂಡ್ ಸುಮಾರು 21.6 ಲಕ್ಷ ಚದರ ಕಿ.ಮೀ. ಭಾರತ ಸುಮಾರು 32.8 ಲಕ್ಷ ಚದರ ಕಿ.ಮೀ. ಅಂದರೆ ನಾವೇ ಒಂದೂವರೆ ಪಟ್ಟು ದೊಡ್ಡವರು. ಆಫ್ರಿಕಾ ಅಂತೂ ಗ್ರೀನ್‌ಲ್ಯಾಂಡಿನ ಹದಿನಾಲ್ಕು ಪಟ್ಟು ಇದೆ, ಆದರೆ ಆ ನಕ್ಷೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯವು ಅನ್ನಿಸುತ್ತವೆ.

ಭೂಮಿ ಗುಂಡಗಿದೆ, ಕಾಗದ ಚಪ್ಪಟೆ. ಗುಂಡಗಿರುವುದನ್ನು ಚಪ್ಪಟೆ ಮಾಡುವಾಗ ಎಲ್ಲಾದರೂ ಎಳೆಯಲೇಬೇಕು. ಹೀಗೆ ಎಳೆಯುವ ಲೆಕ್ಕಕ್ಕೆ ಪ್ರೊಜೆಕ್ಷನ್ ಅನ್ನುತ್ತಾರೆ. ಫೋನಿನ ಎಷ್ಟೋ ಆ್ಯಪ್‌ಗಳು ಬಳಸುವುದು 1569ರಲ್ಲಿ ಮರ್ಕೇಟರ್ ಮಾಡಿದ ಲೆಕ್ಕದ ಒಂದು ರೂಪವನ್ನು. ಅವನು ಅದನ್ನು ಮಾಡಿದ್ದು ಹಡಗಿನವರಿಗೆ. ದಿಕ್ಸೂಚಿ ನೋಡಿ ಒಂದೇ ದಿಕ್ಕಿನಲ್ಲಿ ಹೊರಟರೆ ನಕ್ಷೆಯಲ್ಲಿ ಅದು ನೇರ ಗೆರೆಯಾಗಿ ಬರಬೇಕು, ಅದು ಅವರಿಗೆ ಬೇಕಿತ್ತು. ದಿಕ್ಕು ಸರಿ ಉಳಿಸಿಕೊಳ್ಳಲು ವಿಸ್ತೀರ್ಣವನ್ನು ಬಿಟ್ಟುಕೊಡಬೇಕಾಯಿತು. ಸಮಭಾಜಕದಿಂದ 60 ಡಿಗ್ರಿ ಉತ್ತರಕ್ಕೆ ಹೋದರೆ ಉದ್ದ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು ಕಾಣುತ್ತದೆ. ನಾವು ಸಮಭಾಜಕಕ್ಕೆ ಹತ್ತಿರ ಇರುವವರು, ನಿಮ್ಮ ಶಿರಸಿಯ ಉದ್ದಗಲ ಅಲ್ಲಿ ಹಿಗ್ಗುವುದು ನೂರಕ್ಕೆ ಮೂರು ನಾಲ್ಕರಷ್ಟು ಮಾತ್ರ.

ಹಾಗಂತ ಆ ನಕ್ಷೆ ಕೆಟ್ಟದ್ದಲ್ಲ, ದಾರಿ ಹುಡುಕುವುದಕ್ಕೆ ಚೆನ್ನಾಗಿಯೇ ಇದೆ. ಆದರೆ ಯಾವ ದೇಶದಲ್ಲಿ ಎಷ್ಟು ಕಾಡಿದೆ, ಎಲ್ಲಿ ಎಷ್ಟು ಭತ್ತ ಬೆಳೆಯುತ್ತಾರೆ ಅಂತ ಬಣ್ಣ ತುಂಬಲು ಇದನ್ನು ಬಳಸಿದರೆ ಮಕ್ಕಳಿಗೆ ತಪ್ಪು ಕಲಿಸಿದ ಹಾಗೆ. ಅದಕ್ಕೆ ಸಮ ವಿಸ್ತೀರ್ಣದ ಪ್ರೊಜೆಕ್ಷನ್‌ಗಳು ಬೇರೆ ಇವೆ. ಮನೆಗೆ ಒಂದು ಗ್ಲೋಬ್ ತಂದುಕೊಡಿ ಅಂತ ನನ್ನ ಕೋರಿಕೆ.

ಪ್ರಶ್ನೆ: ಉತ್ತರ ಕನ್ನಡ ಜಿಲ್ಲೆಯ ಜನಸಾಂದ್ರತೆ ಚದರ ಕಿ.ಮೀ.ಗೆ 140 ಅಂತ ಪುಸ್ತಕದಲ್ಲಿದೆ. ನಮ್ಮ ಪೇಟೆಯಲ್ಲಿ ಸಂತೆಯ ದಿನ ಕಾಲಿಡಲು ಜಾಗ ಇರುವುದಿಲ್ಲ. ಈ ಅಂಕಿಯನ್ನು ಹೇಗೆ ನಂಬುವುದು? (ಕೆಎಎಸ್ ಓದುತ್ತಿರುವವರು, ಕುಮಟಾ)

ಅಂಕಿ ಸರಿಯಾಗಿದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನ 14.37 ಲಕ್ಷ, ವಿಸ್ತೀರ್ಣ 10,291 ಚದರ ಕಿ.ಮೀ. ಭಾಗಿಸಿದರೆ 140 ಬರುತ್ತದೆ. ಆದರೆ ಆ 140 ಜನ ಎಲ್ಲೂ ಇಲ್ಲ, ಅದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಕುಮಟಾ, ಹೊನ್ನಾವರ, ಭಟ್ಕಳದ ಕಡಲ ಅಂಚಿನಲ್ಲಿ ಮನೆಗೆ ಮನೆ ತಾಗಿಕೊಂಡಿದೆ. ಘಟ್ಟ ಹತ್ತಿ ಜೋಯಿಡಾಕ್ಕೆ ಹೋದರೆ ಕಾಳಿ ಹುಲಿ ಅಭಯಾರಣ್ಯ, ಕಾಡು, ಮಧ್ಯೆ ಎಲ್ಲೋ ನಾಲ್ಕು ಮನೆಯ ಊರು. ಇವೆರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿ ಸರಾಸರಿ ತೆಗೆದದ್ದು 140. ಇಡೀ ವಿಸ್ತೀರ್ಣಕ್ಕೆ ಇಡೀ ಜನರನ್ನು ಭಾಗಿಸುವ ಈ ಲೆಕ್ಕ ಗಣಿತೀಯ ಸಾಂದ್ರತೆ.

ಇದರ ಜೊತೆ ಇನ್ನೆರಡು ಲೆಕ್ಕಗಳಿವೆ, ಪರೀಕ್ಷೆಯಲ್ಲೂ ಕೇಳುತ್ತಾರೆ. ಸಾಗುವಳಿ ಮಾಡಬಹುದಾದ ನೆಲಕ್ಕೆ ಮಾತ್ರ ಒಟ್ಟು ಜನರನ್ನು ಭಾಗಿಸಿದರೆ ಒಂದು, ಆ ನೆಲಕ್ಕೆ ಬೇಸಾಯಗಾರರನ್ನು ಮಾತ್ರ ಭಾಗಿಸಿದರೆ ಇನ್ನೊಂದು. ಮೊದಲನೆಯದು ಆ ನೆಲ ಎಷ್ಟು ಹೊಟ್ಟೆ ತುಂಬಿಸಬೇಕು ಅಂತ ಹೇಳುತ್ತದೆ, ಎರಡನೆಯದು ಎಷ್ಟು ಕೈಗಳು ಅದರ ಮೇಲೆ ಬದುಕುತ್ತಿವೆ ಅಂತ. ಇದು ಎಷ್ಟು ಮುಖ್ಯ ಅಂತ ಗೊತ್ತಾಗಬೇಕಾದರೆ ಈಜಿಪ್ಟ್ ನೋಡಿ. ಆ ದೇಶ ಸುಮಾರು 10 ಲಕ್ಷ ಚದರ ಕಿ.ಮೀ. ಇದೆ, ಜನ 10 ಕೋಟಿ ದಾಟಿದ್ದಾರೆ. ಸಾದಾ ಲೆಕ್ಕದಲ್ಲಿ ಚದರ ಕಿ.ಮೀ.ಗೆ ನೂರು ಚಿಲ್ಲರೆ, ಹಾಯಾಗಿದ್ದಾರೆ ಅನ್ನಿಸುತ್ತದೆ. ಆದರೆ ಹೆಚ್ಚುಕಡಿಮೆ ಎಲ್ಲರೂ ಇರುವುದು ನೈಲ್ ನದಿಯ ಎರಡು ದಂಡೆ ಮತ್ತು ಮುಖಜಭೂಮಿಯಲ್ಲಿ, ಅದು ಇಡೀ ದೇಶದ ನೂರಕ್ಕೆ ಐದರಷ್ಟು ಜಾಗ. ಉಳಿದದ್ದು ಮರಳು. ಜನ ಇರುವ ನೆಲಕ್ಕೆ ಮಾತ್ರ ಲೆಕ್ಕ ಹಾಕಿದರೆ ಚದರ ಕಿ.ಮೀ.ಗೆ ಎರಡು ಸಾವಿರದ ಆಸುಪಾಸಿಗೆ ಹೋಗುತ್ತದೆ.

ಈಗ ನಕ್ಷೆಗೆ ಬನ್ನಿ, ಇಲ್ಲಿಯೇ ಹೆಚ್ಚು ಜನ ಎಡವುವುದು. ಜಿಲ್ಲೆ ಜಿಲ್ಲೆಗೆ ಒಂದೊಂದು ಬಣ್ಣ ತುಂಬಿ, ತಿಳಿಯಿಂದ ಗಾಢಕ್ಕೆ ಹೋಗುವ ನಕ್ಷೆಗೆ ಕೋರೋಪ್ಲೆತ್ ಅನ್ನುತ್ತಾರೆ. ಪತ್ರಿಕೆಗಳಲ್ಲಿ ದಿನಾ ನೋಡುತ್ತೀರಿ. ಅದು ಜಿಲ್ಲೆಯ ಗಡಿಯೊಳಗೆ ಎಲ್ಲೆಲ್ಲೂ ಒಂದೇ ಥರ ಇದೆ ಅನ್ನುವ ಭಾವನೆ ಹುಟ್ಟಿಸುತ್ತದೆ, ಗಡಿ ದಾಟಿದ ಕೂಡಲೇ ಎಲ್ಲ ಬದಲಾಯಿತು ಅನ್ನುವ ಭಾವನೆಯನ್ನೂ. ಬೆಂಗಳೂರು ನಗರ ಜಿಲ್ಲೆ 4,381, ಪಕ್ಕದ ಜಿಲ್ಲೆ ಒಮ್ಮೆಗೇ ತಿಳಿ ಬಣ್ಣ. ಆದರೆ ಆನೇಕಲ್ ತಾಲೂಕಿನ ಒಳಗೆ ಇವತ್ತಿಗೂ ರಾಗಿ ಹೊಲ ಇದೆ, ಅದಕ್ಕೂ ಅದೇ ಗಾಢ ಬಣ್ಣ! ಹಾಗಾಗಿ ಜನ ನಿಜವಾಗಿ ಎಲ್ಲಿದ್ದಾರೆ ಅಂತ ನೋಡಬೇಕಾದರೆ ಚುಕ್ಕೆ ನಕ್ಷೆ ಒಳ್ಳೆಯದು. ಒಂದು ಚುಕ್ಕೆಗೆ ಇಷ್ಟು ಜನ ಅಂತ ಇಟ್ಟುಕೊಂಡು, ಜನ ಇರುವ ಕಡೆ ಚುಕ್ಕೆ ಇಡುತ್ತಾ ಹೋಗುವುದು. ಉತ್ತರ ಕನ್ನಡಕ್ಕೆ ಹೀಗೆ ಮಾಡಿದರೆ ಕಡಲಗುಂಟ ಒಂದು ದಟ್ಟ ಪಟ್ಟಿ ಬರುತ್ತದೆ, ಶಿರಸಿ, ದಾಂಡೇಲಿ, ಹಳಿಯಾಳದ ಹತ್ತಿರ ಗುಂಪು, ಉಳಿದ ಕಡೆ ಅಲ್ಲೊಂದು ಇಲ್ಲೊಂದು. ಲಂಡನ್ನಿನಲ್ಲಿ 1854ರ ಕಾಲರಾ ಬಂದಾಗ ಡಾಕ್ಟರ್ ಜಾನ್ ಸ್ನೋ, ಸತ್ತವರ ಮನೆಗಳನ್ನು ಹೀಗೇ ಒಂದೊಂದಾಗಿ ಬೀದಿಯ ನಕ್ಷೆಯ ಮೇಲೆ ಗುರುತು ಮಾಡಿದರು. ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಗುರುತುಗಳು ಗುಂಪುಗಟ್ಟಿದ್ದು ಎದ್ದು ಕಂಡಿತು. ವಾರ್ಡಿಗೆ ಒಂದು ಬಣ್ಣ ತುಂಬಿದ್ದರೆ ಆ ಪಂಪು ಕಾಣುತ್ತಿತ್ತೇ?

ಇನ್ನೊಂದು ಎಚ್ಚರಿಕೆ. ಕೋರೋಪ್ಲೆತ್‌ನಲ್ಲಿ ಒಟ್ಟು ಸಂಖ್ಯೆ ಹಾಕಬೇಡಿ, ದರ ಹಾಕಿ. ನೂರಕ್ಕೆ ಇಷ್ಟು, ಚದರ ಕಿ.ಮೀ.ಗೆ ಇಷ್ಟು. ಒಟ್ಟು ಸಂಖ್ಯೆ ಹಾಕಿದರೆ ಜನ ಜಾಸ್ತಿ ಇರುವ ಬೆಳಗಾವಿ ಎಲ್ಲದರಲ್ಲೂ ಗಾಢವಾಗಿಯೇ ಕಾಣುತ್ತದೆ, ಕೊಡಗು ಎಲ್ಲದರಲ್ಲೂ ತಿಳಿಯಾಗಿ. ಅದರಿಂದ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ನಾನು ಕಾಸರಗೋಡಿನವನು, ಮನೆಯಲ್ಲಿ ಕನ್ನಡ, ತುಳು. ರೇಷನ್ ಕಾರ್ಡ್ ಕೇರಳದ್ದು, ಆಸ್ಪತ್ರೆ, ಬಟ್ಟೆ ಅಂಗಡಿ, ಕಾಲೇಜು ಎಲ್ಲ ಮಂಗಳೂರಿನದು. ನಾನು ಯಾವ ಪ್ರದೇಶಕ್ಕೆ ಸೇರಿದವನು ಅಂತ ಭೂಗೋಳ ಹೇಳುತ್ತದಾ? (ಓದುಗರು, ಕಾಸರಗೋಡು)

ಹೇಳುತ್ತದೆ, ಆದರೆ ಒಂದು ಉತ್ತರ ಕೊಡುವುದಿಲ್ಲ, ಮೂರು ಕೊಡುತ್ತದೆ. ಮೂರೂ ನಿಜ.

ಮೊದಲನೆಯದು ಗೆರೆ ಎಳೆದು ಹೇಳಬಹುದಾದ ಪ್ರದೇಶ. ಒಳಗಿನವರೆಲ್ಲರಿಗೂ ಒಂದು ವಿಷಯದಲ್ಲಿ ಒಂದೇ ನಿಯಮ ಇರುತ್ತದೆ. ರಾಜ್ಯ, ಜಿಲ್ಲೆ, ಅಥವಾ ನಮ್ಮ ಕಲ್ಯಾಣ ಕರ್ನಾಟಕ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಏಳು ಜಿಲ್ಲೆಗಳಿಗೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಅನ್ವಯಿಸುತ್ತದೆ, ಎಂಟನೆಯದಕ್ಕೆ ಇಲ್ಲ. ಇದರ ಪ್ರಕಾರ ನೀವು ಕೇರಳದವರು. 1956ರ ನವೆಂಬರ್ 1ಕ್ಕೆ ಮೊದಲು ನಿಮ್ಮ ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಆಮೇಲೆ ಕೇರಳಕ್ಕೆ ಹೋಯಿತು. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ್ ಆಯೋಗ ಹೇಳಿತು, ಅದು ಜಾರಿಗೆ ಬರಲಿಲ್ಲ.

ಎರಡನೆಯದು ಓಡಾಟದಿಂದ ಆದ ಪ್ರದೇಶ. ಮಧ್ಯೆ ಒಂದು ಕೇಂದ್ರ ಇರುತ್ತದೆ, ಸುತ್ತಲಿನವರು ಅದಕ್ಕೆ ಬಂದುಹೋಗುತ್ತಿರುತ್ತಾರೆ, ದೂರ ಆದಷ್ಟೂ ಆ ಸೆಳೆತ ಕಡಿಮೆಯಾಗುತ್ತಾ ಬರುತ್ತದೆ. ಹಾಲು ಒಕ್ಕೂಟ ಇದಕ್ಕೆ ಒಳ್ಳೆಯ ಉದಾಹರಣೆ. ದಕ್ಷಿಣ ಕನ್ನಡ ಹಾಲು ಒಕ್ಕೂಟಕ್ಕೆ ಉಡುಪಿ ಜಿಲ್ಲೆಯ ಹಾಲೂ ಬರುತ್ತದೆ, ಜಿಲ್ಲೆ ಬೇರೆಯಾದರೂ ಹಾಲಿನ ವ್ಯಾನಿಗೆ ಅದು ಒಂದೇ ಪ್ರದೇಶ. ನೀವು ಹೇಳಿದ ಆಸ್ಪತ್ರೆ, ಅಂಗಡಿ, ಕಾಲೇಜಿನ ಲೆಕ್ಕದಲ್ಲಿ ನೀವು ಮಂಗಳೂರಿನ ಪ್ರದೇಶದವರು. ರಾಜ್ಯದ ಗೆರೆ ಮಧ್ಯೆ ಹಾದುಹೋಗಿದ್ದರೂ, ನಿಮಗೆ ಹತ್ತಿರದ ದೊಡ್ಡ ಊರು ಅದೇ ಅಲ್ವಾ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ತಲಪಾಡಿಯ ಗಡಿ ಮುಚ್ಚಿದಾಗ ಈ ಎರಡು ಪ್ರದೇಶಗಳು ಎದುರುಬದುರು ನಿಂತವು. ಮಂಗಳೂರಿನ ಆಸ್ಪತ್ರೆಗೆ ಬರಬೇಕಿದ್ದ ಕಾಸರಗೋಡಿನ ರೋಗಿಗಳು ಆಚೆ ಉಳಿದರು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿಗೆ ಹೋಯಿತು. ಗೆರೆ ಎಳೆದವರಿಗೆ ಓಡಾಟ ಕಾಣದೇ ಹೋದರೆ ಏನಾಗುತ್ತದೆ ಅಂತ ಅವತ್ತು ಎಲ್ಲರಿಗೂ ಗೊತ್ತಾಯಿತು, ಮತ್ತು ಅದರ ಬೆಲೆ ತೆತ್ತವರು ಡಯಾಲಿಸಿಸ್‌ಗೆ, ಹೃದಯದ ಚಿಕಿತ್ಸೆಗೆ ಹೊರಟಿದ್ದ ಬಡವರು. ನನಗೆ ಇದು ಈಗಲೂ ಸಂಕಟ ಕೊಡುವ ವಿಷಯ.

ಮೂರನೆಯದು ಜನರ ಮನಸ್ಸಿನಲ್ಲಿರುವ ಪ್ರದೇಶ. ಮಲೆನಾಡು ಎಲ್ಲಿ ಮುಗಿಯುತ್ತದೆ? ತೀರ್ಥಹಳ್ಳಿಯವರನ್ನು ಕೇಳಿದರೆ ಒಂದು ಹೇಳುತ್ತಾರೆ, ಶಿಕಾರಿಪುರದವರನ್ನು ಕೇಳಿದರೆ ಇನ್ನೊಂದು, ಅದಕ್ಕೇ ಮಧ್ಯದಲ್ಲಿ ಅರೆಮಲೆನಾಡು ಅಂತ ಒಂದನ್ನು ಜನರೇ ಮಾಡಿಕೊಂಡಿದ್ದಾರೆ. ಸರ್ಕಾರಿ ಆದೇಶ ಬೇಕಿಲ್ಲ. ತುಳುನಾಡು ಅನ್ನುವುದೂ ಹಾಗೇ. ಅದರಲ್ಲಿ ನೀವಿದ್ದೀರಿ, ಉಡುಪಿಯವರೂ ಇದ್ದಾರೆ, ಮುಂಬೈಯಲ್ಲಿ ಮೂರು ತಲೆಮಾರಿನಿಂದ ಇರುವವರೂ ಮನಸ್ಸಿನಲ್ಲಿ ಅಲ್ಲೇ ಇದ್ದಾರೆ.

ಪ್ರಶ್ನೆ: ಸೈಟ್ ಮತ್ತು ಸಿಚುಯೇಶನ್ ವ್ಯತ್ಯಾಸ ಏನು? ಬೆಂಗಳೂರಿನ ಉದಾಹರಣೆ ಕೊಡಿ. (ಬಿ.ಎ. ವಿದ್ಯಾರ್ಥಿ, ತುಮಕೂರು)

ಸೈಟ್ ಅಂದರೆ ಊರು ಕೂತಿರುವ ನೆಲ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಹವೆ ಚೆನ್ನಾಗಿದೆ, ದೊಡ್ಡ ನದಿ ಇಲ್ಲ. ಅದಕ್ಕೇ ಕೆರೆ ಕಟ್ಟಿದರು. ಸಿಚುಯೇಶನ್ ಅಂದರೆ ಬೇರೆ ಊರುಗಳ ಜೊತೆ ಅದಕ್ಕಿರುವ ನಂಟು, ಇದು ಕಾಲಕಾಲಕ್ಕೆ ಬದಲಾಗುತ್ತದೆ. 1809ರಲ್ಲಿ ಬ್ರಿಟಿಷರ ದಂಡು ಶ್ರೀರಂಗಪಟ್ಟಣದಿಂದ ಇಲ್ಲಿಗೆ ಬಂತು, 1864ರಲ್ಲಿ ಜೋಲಾರಪೇಟೆಯಿಂದ ರೈಲು ಬಂತು, ಮದ್ರಾಸ್ ಹತ್ತಿರವಾಯಿತು. ನೆಲ ಅದೇ, ನಂಟು ಬೇರೆ. ಈಗ ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ಮೇಲಕ್ಕೆ ಪಂಪ್ ಮಾಡಿ ಕುಡಿಯುತ್ತಿದ್ದೇವೆ. ಸೈಟಿನ ಕೊರತೆಯನ್ನು ನಂಟಿನಿಂದ ತುಂಬಿಕೊಂಡಿದ್ದೇವೆ ಅಂತ ಬರೆಯಿರಿ, ಪೂರ್ತಿ ಅಂಕ ಸಿಗುತ್ತದೆ.

ಪ್ರಶ್ನೆ: ಡಿಫ್ಯೂಷನ್ ಪಾಠಕ್ಕೆ ನಮ್ಮ ಕಡೆಯ ಉದಾಹರಣೆ ಬೇಕು ಸರ್. ಮಕ್ಕಳಿಗೆ ಪುಸ್ತಕದಲ್ಲಿರುವ ಸ್ವೀಡನ್ನಿನ ಉದಾಹರಣೆ ಹತ್ತುತ್ತಿಲ್ಲ. (ಶಿಕ್ಷಕಿ, ಬ್ಯಾಡಗಿ)

ಬ್ಯಾಡಗಿಯಲ್ಲಿದ್ದುಕೊಂಡು ಉದಾಹರಣೆ ಹುಡುಕಬೇಕಾ ಮೇಡಂ! ಡಿಫ್ಯೂಷನ್ ಅಂದರೆ ಪ್ರಸರಣ, ಒಂದು ವಸ್ತುವೋ ವಿಚಾರವೋ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಬ್ಬುವುದು. ಮೆಣಸಿನಕಾಯಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಪೋರ್ಚುಗೀಸರ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂತು. ಜನ ಒಂದು ವಸ್ತುವನ್ನು ತಮ್ಮ ಜೊತೆ ಹೊತ್ತುಕೊಂಡು ಬೇರೆ ಕಡೆ ಹೋಗುವುದು, ಇದು ಸ್ಥಳಾಂತರದ ಪ್ರಸರಣ. ಆಮೇಲೆ ಒಬ್ಬ ರೈತ ಹಾಕಿದ್ದನ್ನು ನೋಡಿ ಪಕ್ಕದ ಹೊಲದವರೂ ಹಾಕುತ್ತಾರೆ, ಹೀಗೆ ಊರಿಂದ ಊರಿಗೆ ಹಬ್ಬುತ್ತದೆ, ಇದು ವಿಸ್ತರಣೆಯ ಪ್ರಸರಣ. ಸ್ವೀಡನ್ನಿನ ಹೇಗರ್‌ಸ್ಟ್ರಾಂಡ್ ಅವರು 1953ರಲ್ಲಿ ತಮ್ಮ ಕಡೆಯ ರೈತರು ಹೊಸ ಪದ್ಧತಿಗಳನ್ನು ಹೇಗೆ ಒಬ್ಬರಿಂದೊಬ್ಬರು ಕಲಿತರು ಅಂತ ತೋರಿಸಿದ್ದೂ ಇದನ್ನೇ. ಉಡುಪಿ ಹೋಟೆಲ್ಲುಗಳು ಮೊದಲನೆಯ ಥರ, ಹೋಟೆಲ್ಲಿನವರ ಜೊತೆಗೇ ದೋಸೆಯೂ ಮುಂಬೈಗೆ ಹೋಯಿತು. ಹೊಸ ಫ್ಯಾಷನ್ ಬೆಂಗಳೂರಿಗೆ ಬಂದು, ಅಲ್ಲಿಂದ ಹುಬ್ಬಳ್ಳಿಗೆ, ಆಮೇಲೆ ಹಾವೇರಿಗೆ, ಆಮೇಲೆ ನಿಮ್ಮೂರಿಗೆ ಬರುತ್ತದಲ್ಲ, ಮಧ್ಯದ ಹಳ್ಳಿಗಳನ್ನು ಹಾರಿಕೊಂಡು, ಅದು ಮೆಟ್ಟಿಲಿನ ಪ್ರಸರಣ. ಇನ್ನು ಗೋಬಿ ಮಂಚೂರಿ. ಚೀನಾದ ಅಡುಗೆಯ ಒಂದು ವಿಚಾರ ಮಾತ್ರ ಬಂತು, ತಿನಿಸು ಬರಲಿಲ್ಲ, ಹೂಕೋಸು ಹಾಕಿ ನಾವೇ ಬೇರೆ ಮಾಡಿಕೊಂಡೆವು. ಇದು ಪ್ರೇರಣೆಯ ಪ್ರಸರಣ. ಮಕ್ಕಳನ್ನು ಒಮ್ಮೆ ಬ್ಯಾಡಗಿ ಮಾರುಕಟ್ಟೆಗೆ ಕರೆದುಕೊಂಡು ಹೋಗಿ, ಚೀಲ ಯಾವ್ಯಾವ ಊರಿಂದ ಬಂದಿದೆ, ಯಾವ ಊರಿಗೆ ಹೋಗುತ್ತದೆ ಅಂತ ಬರೆಸಿ. ಅವರೇ ನಕ್ಷೆ ಮಾಡುತ್ತಾರೆ.

ಪ್ರಶ್ನೆ: ಮೇಷ್ಟ್ರೇ, ದಿಶಾಂಕ್ ಆ್ಯಪ್ ಹಿಡಿದು ನಮ್ಮ ಬದುವಿನ ಮೇಲೆ ನಿಂತರೆ ಪಕ್ಕದ ಸರ್ವೆ ನಂಬರ್ ತೋರಿಸುತ್ತದೆ. ದಾಯಾದಿಗಳ ಮಧ್ಯೆ ಮಾತು ಬೆಳೆದಿದೆ. (ರೈತರು, ಮದ್ದೂರು)

ಮಾತು ಬೆಳೆಸಬೇಡಿ. ಫೋನಿನ ಜಿಪಿಎಸ್ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು ನೀವೆಲ್ಲಿದ್ದೀರಿ ಅಂತ ಲೆಕ್ಕ ಹಾಕುತ್ತದೆ. ಬಯಲಿನಲ್ಲಿ ನಿಂತರೂ ಸುಮಾರು ಐದು ಮೀಟರ್ ಆಚೀಚೆ ಆಗುತ್ತದೆ, ತೆಂಗಿನ ತೋಟದ ಒಳಗೆ ಇನ್ನೂ ಜಾಸ್ತಿ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ ಬದಿಗೆ ಹತ್ತು ಮೀಟರ್. ಐದು ಮೀಟರ್ ತಪ್ಪು ಅಂದರೆ ಗುಂಟೆಯ ಅರ್ಧಕ್ಕೆ ಹೋಗಿ ನಿಂತಿರಿ! ಅದರ ಮೇಲೆ, ಆ್ಯಪ್‌ನಲ್ಲಿರುವ ಗೆರೆ ಹಳೆಯ ಗ್ರಾಮ ನಕ್ಷೆಯ ಕಾಗದವನ್ನು ಕಂಪ್ಯೂಟರಿಗೆ ಹಾಕಿ, ಅಕ್ಷಾಂಶ ರೇಖಾಂಶಕ್ಕೆ ಹೊಂದಿಸಿದ್ದು. ಅಲ್ಲೂ ಒಂದಿಷ್ಟು ಸರಿದಿರುತ್ತದೆ.

ನಿಮ್ಮ ಜಮೀನು ಯಾವ ಸರ್ವೆ ನಂಬರಿನ ಆಸುಪಾಸಿನಲ್ಲಿದೆ, ಪಕ್ಕದಲ್ಲಿ ಕೆರೆಯೋ ಗೋಮಾಳವೋ ಇದೆಯಾ ಅಂತ ನೋಡಲು ಆ ಆ್ಯಪ್ ತುಂಬ ಉಪಯೋಗ. ಬದು ಕಿತ್ತು ಹಾಕಲು ಅಲ್ಲ. ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಿಕೊಡಲು, ಅರ್ಜಿ ಕೊಡಿ, ಸರ್ವೆಯವರು ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಟಿಪ್ಪಣಿ (ಹಳೆಯ ಅಳತೆಯ ದಾಖಲೆ) ನೋಡಿ, ಬಾಂದುಕಲ್ಲಿನಿಂದ (ಗಡಿಯ ಕಲ್ಲು) ಅಳೆದು ತೋರಿಸುತ್ತಾರೆ.

ಪ್ರಶ್ನೆ: ವಲಸೆಗೆ ದೊಡ್ಡ ಕಾರಣ ಮದುವೆ ಅಂತ ಜನಗಣತಿ ಹೇಳುತ್ತದೆ. ನಮ್ಮ ಕಡೆ ಊರಿಗೆ ಊರೇ ಗುಳೆ ಹೋಗುತ್ತದೆ, ಅದು ಎಲ್ಲಿ ಹೋಯಿತು? (ಓದುಗರು, ದೇವದುರ್ಗ)

ಜನಗಣತಿಯವರು ಕೇಳುವುದು ಹುಟ್ಟಿದ ಊರು ಯಾವುದು, ಇದಕ್ಕೆ ಮೊದಲು ಯಾವ ಊರಲ್ಲಿದ್ದಿರಿ ಅಂತ. ತವರು ಬಿಟ್ಟು ಗಂಡನ ಮನೆಗೆ ಪಕ್ಕದ ಊರಿಗೆ ಹೋದವರೂ ವಲಸಿಗರೇ. 2011ರಲ್ಲಿ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರು ಸಿಕ್ಕರು, ಹತ್ತಿರ ಹತ್ತಿರ ಅರ್ಧದಷ್ಟು ಜನ ಕೊಟ್ಟ ಕಾರಣ ಮದುವೆ. ಹೆಚ್ಚಿನವರು ದೂರ ಹೋಗುವುದಿಲ್ಲ, ಹತ್ತಿರದ ಓಡಾಟದಲ್ಲಿ ಹೆಂಗಸರೇ ಜಾಸ್ತಿ ಅಂತ ರೇವನ್‌ಸ್ಟೈನ್ 1885ರಲ್ಲೇ ಬ್ರಿಟನ್ನಿನ ಜನಗಣತಿ ನೋಡಿ ಬರೆದಿದ್ದರು.

ಆದರೆ ಗುಳೆ ಬೇರೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಗೋವಾ ಕಡೆ ಹೋಗಿ, ಮುಂಗಾರಿಗೆ ವಾಪಸ್ ಬರುವವರು ತಮ್ಮ ಊರನ್ನು ಬಿಟ್ಟಿಲ್ಲ. ಹಾಗಾಗಿ ಆ ಪ್ರಶ್ನೆಗೆ ಅವರು ಸರಿಯಾಗಿ ಸಿಗುವುದಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2007-08ರಲ್ಲಿ, ಒಂದು ತಿಂಗಳಿಂದ ಆರು ತಿಂಗಳವರೆಗೆ ಕೆಲಸಕ್ಕೆ ಹೊರಗಿದ್ದವರನ್ನು ಬೇರೆಯಾಗಿ ಕೇಳಿದ್ದರು. ಅಂಥ ಪ್ರಶ್ನೆ ಇದ್ದರೆ ಮಾತ್ರ ಗುಳೆ ಲೆಕ್ಕಕ್ಕೆ ಬರುತ್ತದೆ.

ನಕ್ಷೆ ಮಾಡುವುದಾದರೆ ಬಣ್ಣ ತುಂಬುವುದು ಇದಕ್ಕೆ ಸಾಲದು, ಪ್ರವಾಹ ನಕ್ಷೆ ಬೇಕು. ಊರಿಂದ ಊರಿಗೆ ಬಾಣ, ಹೋದವರು ಹೆಚ್ಚಾದಷ್ಟೂ ಬಾಣ ದಪ್ಪ. ಫ್ರಾನ್ಸಿನ ಮಿನಾರ್ 1869ರಲ್ಲಿ ನೆಪೋಲಿಯನ್ನನ ಸೈನ್ಯ ರಷ್ಯಾಕ್ಕೆ ಹೋಗುತ್ತಾ ಕರಗಿದ್ದನ್ನು ಹೀಗೇ ತೋರಿಸಿದ್ದ, ಹೊರಟಾಗ ದಪ್ಪ ಪಟ್ಟಿ, ಮರಳಿದಾಗ ಎಳೆಯಷ್ಟು. ನಿಮ್ಮ ಪಂಚಾಯ್ತಿಯಲ್ಲಿ ಆಸಕ್ತಿ ಇರುವ ಹುಡುಗರು ಇದ್ದರೆ ಈ ಜನವರಿಯಲ್ಲೇ ಮಾಡಬಹುದು. ಬೀಗ ಹಾಕಿದ ಮನೆ ಎಷ್ಟು, ಯಾವ ಊರಿಗೆ ಹೋದರು, ಯಾವ ತಿಂಗಳು ಹೋದರು, ಯಾವಾಗ ಬರುತ್ತಾರೆ, ಮಕ್ಕಳು ಜೊತೆಗೆ ಹೋದರಾ ಅಥವಾ ಅಜ್ಜಿಯ ಹತ್ತಿರ ಉಳಿದರಾ. ಯಾರ ಹೆಸರೂ ಬರೆಯುವುದು ಬೇಡ. ಆ ಐದು ಕಾಲಂ ತುಂಬಿ ಕಳಿಸಿ, ನಕ್ಷೆ ನಾನು ಬಿಡಿಸಿಕೊಡುತ್ತೇನೆ.